ಮಿಥಿಲೀನ್ ಬ್ಲೂ ಬಣ್ಣ ಹೋಯಿತು, ಒಡೆಯಿತೇ? ಕಬ್ಬಿಣದ ಆಕ್ಸೈಡ್–ಗ್ರಾಫೀನ್ ಪುಡಿಯ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಾನು ರಸಾಯನಶಾಸ್ತ್ರ ಎಂ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. ಪ್ರಾಜೆಕ್ಟಿಗಾಗಿ ಹಮ್ಮರ್ಸ್ ವಿಧಾನದಲ್ಲಿ ಗ್ರಾಫೀನ್ ಆಕ್ಸೈಡ್ (ಗ್ರಾಫೈಟನ್ನು ಆಕ್ಸಿಡೀಕರಿಸಿ ಪಡೆಯುವ ತೆಳು ಇಂಗಾಲದ ಹಾಳೆಗಳು) ಮಾಡಿಕೊಂಡು, ಅದರ ಮೇಲೆ ಫೆರಿಕ್ ಕ್ಲೋರೈಡ್, ಫೆರಸ್ ಸಲ್ಫೇಟ್, ಅಮೋನಿಯಾ ಬಳಸಿ ಮ್ಯಾಗ್ನೆಟೈಟ್ (ಫೆರಸ್, ಫೆರಿಕ್ ಎರಡೂ ಇರುವ ಕಪ್ಪು ಕಬ್ಬಿಣದ ಆಕ್ಸೈಡ್) ಕೂರಿಸಿದೆ. ಪುಡಿ ಮೊದಲು ಕಪ್ಪಗಿತ್ತು. ಓವನ್ನಿನಲ್ಲಿ 100 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿದ ಮೇಲೆ ಕಂದು ಬಣ್ಣಕ್ಕೆ ತಿರುಗಿತು. 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ದ್ರಾವಣಕ್ಕೆ ಹಾಕಿ ಬಿಸಿಲಿಗಿಟ್ಟರೆ ಅರ್ಧ ಗಂಟೆಯಲ್ಲಿ ಶೇ 92ರಷ್ಟು ಬಣ್ಣ ಹೋಗುತ್ತದೆ. ಅದೇ ಪುಡಿಯನ್ನು ಎರಡನೇ ಸಲ ಬಳಸಿದರೆ ಅರ್ಧದಷ್ಟೂ ಹೋಗುವುದಿಲ್ಲ. ಇದನ್ನು ಫೋಟೊಕ್ಯಾಟಲಿಸ್ಟ್ (ಬೆಳಕಿನ ಬಲದಿಂದ ಕ್ರಿಯೆ ನಡೆಸುವ ವೇಗವರ್ಧಕ) ಎಂದು ಕರೆಯಬಹುದೇ? ತಯಾರಿಕೆಯಲ್ಲಿ ಏನು ಬದಲಿಸಬೇಕು?

ಉತ್ತರ: ನೀವು ಕೊಟ್ಟಿರುವ ಅಂಕಿಗಳನ್ನು ಇಟ್ಟುಕೊಂಡು ಹಾಗೆ ಕರೆಯಲು ಬರುವುದಿಲ್ಲ. ಆ ಶೇ 92ರಲ್ಲಿ ಬಹುಪಾಲು ಬಣ್ಣ ಪುಡಿಯ ಮೇಲೆ ಅಂಟಿಕೊಂಡು ಕೂತಿದೆ, ಒಡೆದಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಒಂದು ಸಣ್ಣ ಲೆಕ್ಕ ಹಾಕಿ. 10 ಪಿಪಿಎಂ ದ್ರಾವಣದ 100 ಮಿಲಿಲೀಟರಿನಲ್ಲಿರುವ ಬಣ್ಣ ಕೇವಲ 1 ಮಿಲಿಗ್ರಾಂ. ಸಾಮಾನ್ಯವಾಗಿ ಎಲ್ಲರೂ ಹಾಕುವಂತೆ ನೀವು 50 ಮಿಲಿಗ್ರಾಂ ಪುಡಿ ಹಾಕಿದ್ದರೆ, ಗ್ರಾಂಗೆ 20 ಮಿಲಿಗ್ರಾಂ ಬಣ್ಣ ಹಿಡಿಯುವ ಶಕ್ತಿ ಅದಕ್ಕಿದ್ದರೂ ಸಾಕು, ದ್ರಾವಣ ಪೂರ್ತಿ ತಿಳಿಯಾಗುತ್ತದೆ. ಗ್ರಾಫೀನ್ ಆಕ್ಸೈಡಿಗೆ ಮಿಥಿಲೀನ್ ಬ್ಲೂ ಹಿಡಿಯುವ ಶಕ್ತಿ ಗ್ರಾಂಗೆ ನೂರಾರು ಮಿಲಿಗ್ರಾಂ. ಅದರ ಅಂಚಿನ ಕಾರ್ಬಾಕ್ಸಿಲ್ ಗುಂಪುಗಳು ನೀರಿನಲ್ಲಿ ಋಣ ಆವೇಶ ಹೊಂದಿರುತ್ತವೆ, ಮಿಥಿಲೀನ್ ಬ್ಲೂ ಧನ ಅಯಾನು. ಜೊತೆಗೆ ಅದು ಚಪ್ಪಟೆಯಾದ ಆರೊಮ್ಯಾಟಿಕ್ ಅಣು, ಇಂಗಾಲದ ಹಾಳೆಯ ಮೇಲೆ ಮಲಗಿಬಿಡುತ್ತದೆ. ಬಿಸಿಲು ಇದ್ದರೂ ಇಲ್ಲದಿದ್ದರೂ ಇದು ನಡೆಯುತ್ತದೆ. ಎರಡನೇ ಸಲ ಸೋತದ್ದಕ್ಕೂ ಇದೇ ಕಾರಣ: ಜಾಗಗಳೆಲ್ಲ ತುಂಬಿಹೋಗಿವೆ.

ಇದನ್ನು ಇವತ್ತೇ ಪರೀಕ್ಷಿಸಬಹುದು. ಬಳಸಿದ ಪುಡಿಯನ್ನು ಮ್ಯಾಗ್ನೆಟ್‌ನಿಂದ ಹಿಡಿದು, ನೀರು ಚೆಲ್ಲಿ, ಸ್ವಲ್ಪ ಎಥನಾಲ್ ಹಾಕಿ ಚೆನ್ನಾಗಿ ಕಲಕಿ. ಎಥನಾಲ್ ನೀಲಿಯಾದರೆ ಬಣ್ಣ ಅಲ್ಲೇ ಇತ್ತು ಎಂದರ್ಥ. ಆ ನೀಲಿಯನ್ನು ಅಳೆದು, ಕಳೆದುಹೋದ ಬಣ್ಣದ ಲೆಕ್ಕಕ್ಕೆ ಹೊಂದಿಸಿ ನೋಡಿ. ಎಥನಾಲಿಗೆ ಆಮ್ಲ ಬೆರೆಸಬೇಡಿ, ಕಬ್ಬಿಣವೂ ಕರಗಿ ಬರುತ್ತದೆ.

ಇನ್ನು ಮೂಲ ವಿಷಯ. ಮ್ಯಾಗ್ನೆಟೈಟಿನಿಂದ ಏನನ್ನು ನಿರೀಕ್ಷಿಸಬೇಕು ಎಂಬುದು ಸ್ಪಷ್ಟವಾಗದೆ ತಯಾರಿಕೆಗೆ ಕೈಹಾಕಿದರೆ, ಎಷ್ಟು ಚೆನ್ನಾಗಿ ಮಾಡಿದರೂ ಪ್ರಯೋಗ ದಾರಿ ತಪ್ಪುತ್ತದೆ. ಫೋಟೊಕ್ಯಾಟಲಿಸ್ಟ್ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಟೈಟಾನಿಯಂ ಡೈಆಕ್ಸೈಡ್. ಅದರ ಅನಟೇಸ್ ರೂಪದ ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಹಾರಲು ದಾಟಬೇಕಾದ ಶಕ್ತಿಯ ಅಂತರ, ಸುಮಾರು 3.2 ಎಲೆಕ್ಟ್ರಾನ್ ವೋಲ್ಟ್. ಬೆಳಕು ಬಿದ್ದಾಗ ಮೇಲೆ ಹಾರಿದ ಎಲೆಕ್ಟ್ರಾನ್ ಕೆಳಗಿನ ಖಾಲಿ ಜಾಗಕ್ಕೆ ಕೂಡಲೇ ಬೀಳದೆ, ಇಬ್ಬರೂ ಮೇಲ್ಮೈಗೆ ಬಂದು ಕೆಲಸ ಮಾಡಲು ಸ್ವಲ್ಪ ಸಮಯ ಸಿಗುತ್ತದೆ. ಮ್ಯಾಗ್ನೆಟೈಟಿನಲ್ಲಿ ಆ ಅಂತರ 0.1 ಎಲೆಕ್ಟ್ರಾನ್ ವೋಲ್ಟಿನ ಆಸುಪಾಸು. ಫೆರಸ್ ಮತ್ತು ಫೆರಿಕ್ ಅಯಾನುಗಳ ನಡುವೆ ಎಲೆಕ್ಟ್ರಾನ್ ಸದಾ ಜಿಗಿದಾಡುತ್ತಿರುತ್ತದೆ, ಕೋಣೆಯ ಉಷ್ಣತೆಯಲ್ಲಿ ಅದು ಒಳ್ಳೆಯ ವಾಹಕ. ಬೆಳಕು ಹುಟ್ಟಿಸಿದ ಜೋಡಿ ಬೇರ್ಪಡುವ ಮೊದಲೇ ಕೂಡಿಬಿಡುತ್ತದೆ. ಆದ್ದರಿಂದ ಶುದ್ಧ ಮ್ಯಾಗ್ನೆಟೈಟ್ ಅರೆವಾಹಕ ಫೋಟೊಕ್ಯಾಟಲಿಸ್ಟ್ ಆಗಿ ಬಲು ದುರ್ಬಲ. ಗಾಳಿಯಲ್ಲಿ ಆಕ್ಸಿಡೀಕರಣಗೊಂಡು ಸಿಗುವ ಮ್ಯಾಗ್ಹೆಮೈಟ್, ಹೆಮಟೈಟ್‌ಗಳಿಗೆ 2ರ ಸುತ್ತಿನ ಬ್ಯಾಂಡ್ ಗ್ಯಾಪ್ ಇದೆ, ಕಣ್ಣಿಗೆ ಕಾಣುವ ಬೆಳಕನ್ನು ಹೀರುತ್ತವೆ ಎಂಬುದು ನಿಜ. ಆದರೆ ಹೆಮಟೈಟಿನಲ್ಲಿ ಧನ ಆವೇಶ (ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗ) ಕೆಲವೇ ನ್ಯಾನೊಮೀಟರ್ ದೂರ ಸಾಗುವುದರೊಳಗೆ ಕಳೆದುಹೋಗುತ್ತದೆ. ಮೇಲೆ ಹಾರಿದ ಎಲೆಕ್ಟ್ರಾನಿಗೂ ಆಮ್ಲಜನಕವನ್ನು ಸೂಪರ್‌ಆಕ್ಸೈಡ್ ಮಾಡುವಷ್ಟು ಶಕ್ತಿ ಉಳಿಯುವುದಿಲ್ಲ. ಕಪ್ಪು ಪುಡಿಗೆ ಟಾಕ್ ಪ್ಲಾಟ್ (ಬೆಳಕು ಹೀರುವ ಪ್ರಮಾಣದಿಂದ ಬ್ಯಾಂಡ್ ಗ್ಯಾಪ್ ಅಂದಾಜಿಸುವ ನಕ್ಷೆ) ಎಳೆದು 2.1 ಎಂದು ಬರೆದು ಬಿಡುವ ಅಭ್ಯಾಸ ಪ್ರಬಂಧಗಳಲ್ಲಿ ಬಹಳ ಇದೆ. ಎಲ್ಲ ತರಂಗಾಂತರವನ್ನೂ ನುಂಗುವ ವಸ್ತುವಿಗೆ ಆ ರೇಖೆ ಎಲ್ಲಿ ಬೇಕಾದರೂ ಹೋಗಿ ಮುಟ್ಟುತ್ತದೆ. ದಯವಿಟ್ಟು ಅದನ್ನು ನಿಮ್ಮ ವಾದದ ಆಧಾರ ಮಾಡಿಕೊಳ್ಳಬೇಡಿ.

ಹಾಗಾದರೆ ಈ ಪುಡಿ ಯಾಕೆ ಬೇಕು? ಎರಡು ಕೆಲಸಕ್ಕೆ. ಒಂದು, ನೀರಿನಿಂದ ಮ್ಯಾಗ್ನೆಟ್ ಹಿಡಿದು ಹೊರತೆಗೆಯಬಹುದು, ಸೋಸಬೇಕಿಲ್ಲ. ನ್ಯಾನೊ ಪುಡಿಗಳ ವಿಷಯದಲ್ಲಿ ಇದು ದೊಡ್ಡ ಅನುಕೂಲ. ಇನ್ನೊಂದು, ಅದು ಫೆಂಟನ್ ಕ್ರಿಯೆಯ ಕಬ್ಬಿಣ. ಹೈಡ್ರೊಜನ್ ಪೆರಾಕ್ಸೈಡ್ ಜೊತೆ ಫೆರಸ್ ಕಬ್ಬಿಣ ಸೇರಿದರೆ ಟಾರ್ಟಾರಿಕ್ ಆಮ್ಲ ಆಕ್ಸಿಡೀಕರಣಗೊಳ್ಳುತ್ತದೆ ಎಂದು ಕೇಂಬ್ರಿಜ್‌ನ ಫೆಂಟನ್ 1894ರಲ್ಲಿ ಪ್ರಕಟಿಸಿದರು. ಫೆರಸ್ ಅಯಾನು ಪೆರಾಕ್ಸೈಡನ್ನು ಸೀಳಿ, ಜೋಡಿಯಿಲ್ಲದ ಎಲೆಕ್ಟ್ರಾನಿನಿಂದಾಗಿ ಬಲು ಚುರುಕಾದ ತುಣುಕು, ಅಂದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುತ್ತದೆ. ಆಕ್ಸಿಡೀಕರಣ ಸಾಮರ್ಥ್ಯ ಸುಮಾರು 2.8 ವೋಲ್ಟ್ ಇರುವ ಆ ರ‍್ಯಾಡಿಕಲ್ ಬಣ್ಣದ ಅಣುವನ್ನು ನಿಜಕ್ಕೂ ತುಂಡರಿಸುತ್ತದೆ. ಕ್ರಿಯೆ ತಡವರಿಸುವುದು ನಂತರದ ಹೆಜ್ಜೆಯಲ್ಲಿ. ಫೆರಿಕ್ ಆದ ಕಬ್ಬಿಣ ಮತ್ತೆ ಫೆರಸ್ ಆಗಬೇಕು, ಪೆರಾಕ್ಸೈಡಿನಿಂದಲೇ ಆಗಬೇಕೆಂದರೆ ಅದು ಮೊದಲ ಹೆಜ್ಜೆಗಿಂತ ಸಾವಿರಾರು ಪಟ್ಟು ನಿಧಾನ. ಬೆಳಕು ಮತ್ತು ಗ್ರಾಫೀನ್ ಇಬ್ಬರ ನಿಜವಾದ ಪಾತ್ರ ಇಲ್ಲಿದೆ. ಬೆಳಕು ಫೆರಿಕ್ ಅನ್ನು ಫೆರಸ್‌ಗೆ ಇಳಿಸಲು ನೆರವಾಗುತ್ತದೆ. ಗ್ರಾಫೀನ್ ಹಾಳೆ ಎಲೆಕ್ಟ್ರಾನ್ ಸಾಗಿಸುತ್ತದೆ, ಕಣಗಳು ಒಂದಕ್ಕೊಂದು ಅಂಟಿ ಉಂಡೆಗಟ್ಟದಂತೆ ಹರಡಿ ಹಿಡಿಯುತ್ತದೆ, ಬಣ್ಣದ ಅಣುವನ್ನು ಕಬ್ಬಿಣದ ಪಕ್ಕಕ್ಕೆ ತಂದು ನಿಲ್ಲಿಸುತ್ತದೆ. ಅಂದರೆ ನೀವು ದೂರುತ್ತಿರುವ ಆ ಅಂಟುವ ಗುಣವೇ, ಪಕ್ಕದಲ್ಲಿ ರ‍್ಯಾಡಿಕಲ್ ಹುಟ್ಟುವುದಾದರೆ, ಒಳ್ಳೆಯದಾಗುತ್ತದೆ. ನಿಮ್ಮ ಬೀಕರಿನಲ್ಲಿ ಪೆರಾಕ್ಸೈಡೇ ಇರಲಿಲ್ಲ, ಅದಕ್ಕೇ ಆ ಕೆಲಸ ನಡೆಯಲಿಲ್ಲ.

ಈಗ ತಯಾರಿಕೆ. ಹಮ್ಮರ್ಸ್ ಮತ್ತು ಆಫೆಮನ್ 1958ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಗ್ರಾಫೈಟ್, ಸೋಡಿಯಂ ನೈಟ್ರೇಟ್, ಸಾಂದ್ರ ಸಲ್ಫ್ಯೂರಿಕ್ ಆಮ್ಲ, ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಇದ್ದವು. ನೈಟ್ರೇಟಿನಿಂದ ವಿಷಕಾರಿ ನೈಟ್ರೊಜನ್ ಡೈಆಕ್ಸೈಡ್ ಹೊಗೆ ಬರುತ್ತದೆ. ಅದಿಲ್ಲದೆ, ಫಾಸ್ಫಾರಿಕ್ ಆಮ್ಲ ಬೆರೆಸಿ ಮಾಡುವ ವಿಧಾನವನ್ನು ಅಮೆರಿಕದ ರೈಸ್ ವಿಶ್ವವಿದ್ಯಾಲಯದ ತಂಡ 2010ರಲ್ಲಿ ಪ್ರಕಟಿಸಿದೆ, ನೈಟ್ರೇಟ್ ಬಿಟ್ಟರೆ ನಷ್ಟವೇನಿಲ್ಲ. ಅದಕ್ಕಿಂತ ಮುಖ್ಯವಾದ ಎಚ್ಚರಿಕೆ ಒಂದಿದೆ. ಸಾಂದ್ರ ಸಲ್ಫ್ಯೂರಿಕ್ ಆಮ್ಲಕ್ಕೆ ಪರ್ಮ್ಯಾಂಗನೇಟ್ ಬಿದ್ದಾಗ ಹಸಿರು ಛಾಯೆಯ ಮ್ಯಾಂಗನೀಸ್ ಹೆಪ್ಟಾಕ್ಸೈಡ್ ಉಂಟಾಗುತ್ತದೆ. 55 ಡಿಗ್ರಿ ದಾಟಿದರೆ ಅದು ಸ್ಫೋಟಿಸಬಹುದು, ಸಾವಯವ ದ್ರಾವಕ ತಗುಲಿದರೆ ಕೂಡಲೇ ಹೊತ್ತಿಕೊಳ್ಳುತ್ತದೆ. ಐಸ್ ತಟ್ಟೆಯಲ್ಲಿಟ್ಟು, ಥರ್ಮಾಮೀಟರ್ ಮುಳುಗಿಸಿಕೊಂಡೇ, ಚಿಟಿಕೆ ಚಿಟಿಕೆಯಾಗಿ ಪರ್ಮ್ಯಾಂಗನೇಟ್ ಹಾಕಬೇಕು. ಹೊಗೆಗೂಡಿನ ಗಾಜು ಇಳಿಸಿರಬೇಕು, ಪಕ್ಕದಲ್ಲಿ ಅಸಿಟೋನ್ ಬಾಟಲಿ ಇರಬಾರದು, ಗ್ರಾಫೈಟ್ 1 ಗ್ರಾಂ ಮೀರದಿರಲಿ. ನಿಮ್ಮ ಪ್ರಾಜೆಕ್ಟಿಗೆ ಅಷ್ಟು ಬೇಕಾದಷ್ಟಾಯಿತು. ಒಬ್ಬರೇ ಇರುವಾಗ ಇದನ್ನು ಮಾಡಲೇಬೇಡಿ. ಸಿಕ್ಕ ಗ್ರಾಫೀನ್ ಆಕ್ಸೈಡನ್ನು ಮೊದಲು ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ, ಆಮೇಲೆ ನೀರಿನಲ್ಲಿ ತೊಳೆದು, ಒಣಗಿಸದೆ ನೀರಿನಲ್ಲೇ ಇಟ್ಟುಕೊಳ್ಳಿ. ಒಣ ಗ್ರಾಫೀನ್ ಆಕ್ಸೈಡ್ ಬಿಸಿಯಾದರೆ ಭಗ್ಗೆಂದು ಉರಿಯಬಹುದು. ಪೊಟ್ಯಾಸಿಯಂ ಲವಣ ಉಳಿದಿದ್ದರೆ ಅಪಾಯ ಇನ್ನೂ ಹೆಚ್ಚು. ಸಾಂದ್ರತೆ ತಿಳಿಯಲು ಕೆಲವು ಮಿಲಿಲೀಟರ್ ಮಾತ್ರ ತೂಗಿದ ಗಾಜಿನ ಮೇಲೆ 40–50 ಡಿಗ್ರಿಯಲ್ಲಿ ಒಣಗಿಸಿ ತೂಗಿದರೆ ಸಾಕು.

ಮ್ಯಾಗ್ನೆಟೈಟ್ ಕೂರಿಸುವ ಸಹ-ಅವಕ್ಷೇಪನ ವಿಧಾನವನ್ನು ಫ್ರಾನ್ಸಿನ ಮಸ್ಸಾರ್ 1981ರಲ್ಲಿ ಪ್ರಕಟಿಸಿದ ರೀತಿ ಈಗ ಎಲ್ಲ ಪ್ರಯೋಗಾಲಯಗಳ ಮನೆಮಾತು. ಫೆರಸ್ ಒಂದು ಪಾಲು, ಫೆರಿಕ್ ಎರಡು ಪಾಲು, ಮೇಲೆ ಕ್ಷಾರ. ನಿಮಗೆ ಫೆರಸ್ ಸಲ್ಫೇಟಿಗಿಂತ ಮೋರ್ ಲವಣ (ಫೆರಸ್ ಅಮೋನಿಯಂ ಸಲ್ಫೇಟ್) ಒಳ್ಳೆಯದು. ಕಾಲೇಜುಗಳಲ್ಲಿ ಹಳೆಯ ಫೆರಸ್ ಸಲ್ಫೇಟ್ ಬಾಟಲಿ ತೆರೆದರೆ ಹರಳುಗಳ ಮೇಲೆ ಹಳದಿ-ಕಂದು ಪುಡಿ ಕಾಣುತ್ತದೆ, ಅಷ್ಟು ಭಾಗ ಆಗಲೇ ಫೆರಿಕ್ ಆಗಿದೆ. ಮೋರ್ ಲವಣ ಗಾಳಿಯಲ್ಲಿ ಹೆಚ್ಚು ಕಾಲ ಕೆಡದೆ ನಿಲ್ಲುತ್ತದೆ. ಅಳತೆ ಹೀಗಿರಲಿ: ಹೆಕ್ಸಾಹೈಡ್ರೇಟ್ ಫೆರಿಕ್ ಕ್ಲೋರೈಡ್ 2.70 ಗ್ರಾಂ, ಮೋರ್ ಲವಣ 1.96 ಗ್ರಾಂ. ಇದರಿಂದ ಲೆಕ್ಕದ ಪ್ರಕಾರ 1.16 ಗ್ರಾಂ ಮ್ಯಾಗ್ನೆಟೈಟ್ ಬರಬೇಕು. ಆದರೆ ಗ್ರಾಫೀನ್ ಆಕ್ಸೈಡ್ ಸ್ವತಃ ಆಕ್ಸಿಡೀಕಾರಕ. ಫೆರಸ್‌ನ ಒಂದಷ್ಟನ್ನು ಅದು ಫೆರಿಕ್ ಮಾಡಿ ತಾನು ಅಪಕರ್ಷಣಗೊಳ್ಳುತ್ತದೆ. ಹಾಗಾಗಿ ಮೋರ್ ಲವಣವನ್ನು ಶೇ 5ರಿಂದ 10 ಹೆಚ್ಚಿಗೆ ಹಾಕಿಕೊಳ್ಳಿ. ಗ್ರಾಫೀನ್ ಇಲ್ಲದೆ ಮಾಡಿದಾಗ ಕಪ್ಪಗೆ ಬಂದದ್ದು ಗ್ರಾಫೀನ್ ಜೊತೆ ಮಾಡಿದಾಗ ಕಂದಾಗುವುದಕ್ಕೆ ಇದೂ ಒಂದು ಕಾರಣ.

100 ಮಿಲಿಗ್ರಾಂ ಗ್ರಾಫೀನ್ ಆಕ್ಸೈಡ್ ಇರುವ ದ್ರವವನ್ನು 100 ಮಿಲಿಲೀಟರ್‌ಗೆ ಮಾಡಿ, ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ಚೆನ್ನಾಗಿ ಬಿಡಿಸಿ. ನೀರನ್ನು ಕುದಿಸಿ ಆರಿಸಿಕೊಂಡು, ನೈಟ್ರೊಜನ್ ಹಾಯಿಸುತ್ತಲೇ ಕೆಲಸ ಮಾಡಿ. ಫೆರಿಕ್ ದ್ರಾವಣವನ್ನು ಮೊದಲು ಹಾಕಿ ಅರ್ಧ ಗಂಟೆ ಬಿಟ್ಟರೆ ಕಬ್ಬಿಣ ಹಾಳೆಯ ಆಮ್ಲಜನಕ ಗುಂಪುಗಳಿಗೆ ಹಿಡಿದುಕೊಳ್ಳುತ್ತದೆ, ಮುಂದೆ ಕಣಗಳು ಹುಟ್ಟುವುದು ಅಲ್ಲೇ. ಈ ಹಂತದಲ್ಲಿ ಹಾಳೆಗಳು ಗುಂಪುಗೂಡಿ ತಳಕ್ಕಿಳಿದಂತೆ ಕಂಡರೆ ಗಾಬರಿ ಬೇಡ, ಕಲಕುವುದನ್ನು ನಿಲ್ಲಿಸಬೇಡಿ. ಆಮೇಲೆ ಆಗ ತಾನೇ ಕರಗಿಸಿದ ಮೋರ್ ಲವಣ. 80 ಡಿಗ್ರಿಗೆ ಏರಿಸಿ, ಅಮೋನಿಯಾ ದ್ರಾವಣವನ್ನು ಬೇಗಬೇಗ ಸೇರಿಸಿ ಪಿಎಚ್ 10ರ ಮೇಲೆ ಒಯ್ಯಿರಿ. ಕೂಡಲೇ ಇಜ್ಜಲಿನಂತೆ ಕಪ್ಪಾಗಬೇಕು. ಹಸಿರು ಅಥವಾ ಕೆಂಗಂದು ಕಂಡರೆ ಫೆರಸ್–ಫೆರಿಕ್ ಪ್ರಮಾಣ ಸರಿಯಿಲ್ಲ, ಇಲ್ಲವೇ ಗಾಳಿ ಸೇರಿದೆ. ಅದೇ ಕ್ಷಾರದಲ್ಲಿ 90 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಗ್ರಾಫೀನ್ ಆಕ್ಸೈಡಿನ ಆಮ್ಲಜನಕವೂ ಒಂದಷ್ಟು ಕಳಚುತ್ತದೆ. ಇದಕ್ಕಾಗಿ ಹೈಡ್ರಜೀನ್ ತರಿಸುವುದು ನನಗೆ ಒಪ್ಪಿಗೆಯಿಲ್ಲ. ಅದು ವಿಷ, ಕ್ಯಾನ್ಸರ್ ತರುವ ಶಂಕೆ ಇರುವ ವಸ್ತು, ವಿದ್ಯಾರ್ಥಿಗಳ ಪ್ರಯೋಗಾಲಯಕ್ಕೆ ಸಲ್ಲದು. ಹೀಗೆ ಸಿಕ್ಕಿದ್ದನ್ನು ‘ಭಾಗಶಃ ಅಪಕರ್ಷಿತ ಗ್ರಾಫೀನ್ ಆಕ್ಸೈಡ್’ ಎಂದೇ ಬರೆಯಿರಿ. ಪೂರ್ಣ ಗ್ರಾಫೀನ್ ಎಂದು ಹೇಳಿಕೊಳ್ಳಲು ನಿಮ್ಮಲ್ಲಿ ಆಧಾರವಿಲ್ಲ, ಈ ಕೆಲಸಕ್ಕೆ ಅದು ಬೇಕಾಗಿಯೂ ಇಲ್ಲ.

ತೊಳೆಯುವಾಗ ಬೀಕರಿನ ಹೊರಗೆ ನಿಯೋಡಿಮಿಯಂ ಮ್ಯಾಗ್ನೆಟ್ ಹಿಡಿದು ತಿಳಿ ಚೆಲ್ಲಿ. ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿದರೆ ಬಿಳಿ ಬರಬಾರದು, ಬೇರಿಯಂ ಕ್ಲೋರೈಡ್ ಹಾಕಿದರೂ ಬರಬಾರದು, ಅಲ್ಲಿಯವರೆಗೆ ತೊಳೆಯಬೇಕು. ಮ್ಯಾಗ್ನೆಟ್‌ಗೆ ಬಾರದೆ ತೇಲುವ ಕಪ್ಪು ಇದ್ದರೆ ಅದು ಕಬ್ಬಿಣ ಕೂರದ ಬರಿ ಹಾಳೆ. ಅದನ್ನು ಚೆಲ್ಲಿಬಿಡಿ. ಉಳಿಸಿಕೊಂಡರೆ ಮುಂದೆ ಅಂಟುವಿಕೆಯ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಕೊನೆಗೆ ಎಥನಾಲಿನಲ್ಲಿ ತೊಳೆದು ವ್ಯಾಕ್ಯೂಮ್ ಡೆಸಿಕೇಟರ್‌ನಲ್ಲಿ ಒಣಗಿಸಿ. ಹತ್ತಿಪ್ಪತ್ತು ನ್ಯಾನೊಮೀಟರಿನ ಮ್ಯಾಗ್ನೆಟೈಟ್ ಕೋಣೆಯ ಗಾಳಿಯಲ್ಲೂ ನಿಧಾನವಾಗಿ ಮ್ಯಾಗ್ಹೆಮೈಟ್ ಆಗುತ್ತದೆ. 100 ಡಿಗ್ರಿ ಓವನ್ನಿನಲ್ಲಿ ರಾತ್ರಿಯಿಡೀ ಇಟ್ಟರೆ ಕಂದಾಗದೆ ಇನ್ನೇನಾದೀತು? ನಿಮ್ಮ ಕಂದು ಪುಡಿ ಈಗಲೂ ಮ್ಯಾಗ್ನೆಟ್‌ಗೆ ಗಟ್ಟಿಯಾಗಿ ಹಾರುತ್ತಿದ್ದರೆ ಅದು ಮ್ಯಾಗ್ಹೆಮೈಟ್, ಎಸೆಯಬೇಕಿಲ್ಲ. ಫೆರಸ್ ಕಡಿಮೆ ಇರುವುದರಿಂದ ಫೆಂಟನ್ ಕ್ರಿಯೆ ತಡವಾಗಿ ಏರುತ್ತದೆ, ಅಷ್ಟೇ. ಹೊಸ ಕಪ್ಪು ಪುಡಿಯ ಜೊತೆ ಹೋಲಿಸಿದರೆ ನಿಮ್ಮ ಪ್ರಬಂಧಕ್ಕೆ ಒಂದು ಒಳ್ಳೆಯ ಅಧ್ಯಾಯವೇ ಸಿಗುತ್ತದೆ.

ಎಕ್ಸ್-ರೇ ಡಿಫ್ರ್ಯಾಕ್ಷನ್ ಮಾತ್ರ ನೋಡಿ ‘ಮ್ಯಾಗ್ನೆಟೈಟ್’ ಎಂದು ತೀರ್ಪು ಕೊಡಬೇಡಿ. 30.1, 35.5, 43.1, 57, 62.6 ಡಿಗ್ರಿಗಳ ಶಿಖರಗಳು ಮ್ಯಾಗ್ಹೆಮೈಟಿನಲ್ಲೂ ಬಹುತೇಕ ಅಲ್ಲೇ ಇರುತ್ತವೆ, ನ್ಯಾನೊ ಕಣಗಳ ಅಗಲ ಶಿಖರದಲ್ಲಿ ವ್ಯತ್ಯಾಸ ಮುಚ್ಚಿಹೋಗುತ್ತದೆ. 33.2 ಡಿಗ್ರಿಯಲ್ಲಿ ಶಿಖರ ಎದ್ದಿದ್ದರೆ ಹೆಮಟೈಟ್ ಬಂದಿದೆ ಎಂದು ತಿಳಿಯಬಹುದು. ತಾಮ್ರದ ಟ್ಯೂಬ್ ಇರುವ ಯಂತ್ರದಲ್ಲಿ ಕಬ್ಬಿಣ ಪ್ರತಿದೀಪ್ತಿ ಸೂಸಿ ಹಿನ್ನೆಲೆ ಎತ್ತರವಾಗುತ್ತದೆ, ಗದ್ದಲ ಹೆಚ್ಚಿದರೆ ಮಾದರಿ ಕೆಟ್ಟಿದೆ ಎಂದುಕೊಳ್ಳಬೇಡಿ. ರಾಮನ್‌ನಲ್ಲಿ ಮ್ಯಾಗ್ನೆಟೈಟ್ 670 ಸೆಂ.ಮೀ⁻¹ ಹತ್ತಿರ ಕಾಣುತ್ತದೆ, ಆದರೆ ಲೇಸರ್ ಶಕ್ತಿ ಕಡಿಮೆ ಇಡಲು ಯಂತ್ರ ನಡೆಸುವವರಿಗೆ ಹೇಳಿ. ಇಲ್ಲದಿದ್ದರೆ ಲೇಸರ್ ಶಾಖಕ್ಕೇ ಮಾದರಿ ಹೆಮಟೈಟ್ ಆಗಿ, ಇಲ್ಲದ ವಸ್ತುವನ್ನು ನೀವು ವರದಿ ಮಾಡುತ್ತೀರಿ. ಖಚಿತ ಉತ್ತರ ಬೇಕಾದರೆ ಗಾಮಾ ಕಿರಣದಿಂದ ಫೆರಸ್, ಫೆರಿಕ್ ಬೇರ್ಪಡಿಸಿ ತೋರುವ ವಿಧಾನವಾದ ಮೋಸ್‌ಬೌವರ್.

ಇನ್ನು ಬಣ್ಣದ ಪ್ರಯೋಗ. ನೀವು ಮ್ಯಾಗ್ನೆಟಿಕ್ ಸ್ಟರರ್ ಬಳಸುತ್ತಿದ್ದರೆ ಪುಡಿಯೆಲ್ಲ ಸ್ಟರ್ ಬಾರಿಗೆ ಅಂಟಿಕೊಂಡು ಅರ್ಧ ಪುಡಿ ಕೆಲಸವನ್ನೇ ಮಾಡಿರುವುದಿಲ್ಲ. ಮೇಲಿನಿಂದ ಗಾಜಿನ ಕಡ್ಡಿ ತಿರುಗಿಸುವ ಮೋಟಾರ್ ಇಲ್ಲವೇ ಅಕ್ವೇರಿಯಂ ಪಂಪಿನ ಗಾಳಿ ಬಳಸಿ. ಮಾದರಿ ತೆಗೆದಾಗ ಸೂಕ್ಷ್ಮ ಕಣ ಉಳಿಯದಂತೆ ಸೆಂಟ್ರಿಫ್ಯೂಜ್ ಮಾಡಿ. ಸಿರಿಂಜ್ ಫಿಲ್ಟರ್ ಹಾಕುವುದಾದರೆ ಮೊದಲು ಬರಿ ಬಣ್ಣದ ದ್ರಾವಣ ಹಾಯಿಸಿ ನೋಡಿ, ಕೆಲವು ಫಿಲ್ಟರ್‌ಗಳೇ ಮಿಥಿಲೀನ್ ಬ್ಲೂ ಹಿಡಿದುಬಿಡುತ್ತವೆ. 10 ಪಿಪಿಎಂ ದ್ರಾವಣದ ಹೀರಿಕೆ 664 ನ್ಯಾನೊಮೀಟರಿನಲ್ಲಿ 2ರ ಆಸುಪಾಸು ಇರುತ್ತದೆ. ಅದು ನೆಚ್ಚಬಹುದಾದ ವ್ಯಾಪ್ತಿಯಲ್ಲ, ದುರ್ಬಲಗೊಳಿಸಿ 1ರೊಳಗೆ ತಂದು ಓದಿ.

ಒಂದೇ ಬಿಸಿಲಿನಲ್ಲಿ, ಒಂದೇ ಹೊತ್ತಿನಲ್ಲಿ ಬೀಕರುಗಳನ್ನು ಸಾಲಾಗಿ ಇಡಿ: ಬರಿ ಬಣ್ಣ, ಬಣ್ಣ ಮತ್ತು ಪೆರಾಕ್ಸೈಡ್, ಬಣ್ಣ ಮತ್ತು ಪುಡಿ, ಮೂರೂ ಸೇರಿದ್ದು, ಹಾಗೂ ಕೊನೆಯ ಎರಡನ್ನು ಅಲ್ಯೂಮಿನಿಯಂ ಹಾಳೆ ಸುತ್ತಿ ಕತ್ತಲಲ್ಲಿ. ಇವತ್ತಿನ ಬಿಸಿಲನ್ನು ನಾಳೆಯ ಬಿಸಿಲಿಗೆ ಹೋಲಿಸಲಾಗದು. ನೀರು ಕಾಯದಂತೆ ತಟ್ಟೆಯಲ್ಲಿ ತಣ್ಣೀರಿಟ್ಟು ಅದರಲ್ಲಿ ನಿಲ್ಲಿಸಿ. ಪುಡಿ ಹಾಕಿದ ಮೇಲೆ ಕತ್ತಲಲ್ಲಿ ಕಲಕುತ್ತಾ, ಎರಡು ಮಾದರಿಗಳ ಓದು ಒಂದೇ ಆಗುವವರೆಗೆ ಕಾಯಬೇಕು. ‘ಅರ್ಧ ಗಂಟೆ ಕತ್ತಲು’ ಎಂಬುದು ಶಾಸ್ತ್ರವಿಧಿಯಲ್ಲ. ಆ ಸಮತೋಲದ ಸಾಂದ್ರತೆಯೇ ನಿಮ್ಮ ಆರಂಭದ ಬಿಂದು. ಅಂಟಿ ಮುಗಿದ ಮೇಲೂ ಬಣ್ಣ ಉಳಿದಿರುವಂತೆ ಪುಡಿ ಕಡಿಮೆ ಮಾಡಿ ಅಥವಾ ಬಣ್ಣ ಹೆಚ್ಚಿಸಿ.

ಪೆರಾಕ್ಸೈಡ್ ಎಷ್ಟು? ಒಂದು ಮಿಥಿಲೀನ್ ಬ್ಲೂ ಅಣು ಪೂರ್ತಿ ಇಂಗಾಲದ ಡೈಆಕ್ಸೈಡ್, ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲವಾಗಲು 51 ಅಣು ಪೆರಾಕ್ಸೈಡ್ ಬೇಕು. 10 ಪಿಪಿಎಂಗೆ ಇದು ಲೀಟರಿಗೆ 1.6 ಮಿಲಿಮೋಲ್, ಅಂದರೆ ಶೇ 30ರ ಪೆರಾಕ್ಸೈಡ್ ಸುಮಾರು 0.16 ಮಿಲಿಲೀಟರ್. ಅದರ ಕೆಲವು ಪಟ್ಟು ಹಾಕಿ ನೋಡಿ. ಸುಮ್ಮನೆ ಸುರಿದರೆ ಪೆರಾಕ್ಸೈಡೇ ರ‍್ಯಾಡಿಕಲ್‌ಗಳನ್ನು ನುಂಗುತ್ತದೆ. ಪಿಎಚ್ 3ರಲ್ಲಿ ವೇಗ ಹೆಚ್ಚು, ಆದರೆ ಅಲ್ಲಿ ಕಬ್ಬಿಣ ಕರಗಿ ಬರುತ್ತದೆ. ಪ್ರತಿ ಸಲ ಕೊನೆಯಲ್ಲಿ ಕರಗಿದ ಕಬ್ಬಿಣವನ್ನೆಲ್ಲ ಫೆರಸ್‌ಗೆ ಇಳಿಸಿಕೊಂಡು, ಫೆರಸ್ ಜೊತೆ ಕೆಂಪಾಗುವ ಫಿನಾಂತ್ರೊಲಿನ್ ಹಾಕಿ 510 ನ್ಯಾನೊಮೀಟರಿನಲ್ಲಿ ಅಳೆಯಿರಿ. ಪುಡಿ ತೆಗೆದ ತಿಳಿಗೆ ಹೊಸ ಬಣ್ಣ, ಪೆರಾಕ್ಸೈಡ್ ಹಾಕಿದಾಗಲೂ ಅಷ್ಟೇ ವೇಗವಾಗಿ ಬಣ್ಣ ಹೋದರೆ ಕೆಲಸ ಮಾಡುತ್ತಿದ್ದುದು ಕರಗಿದ ಕಬ್ಬಿಣ, ನಿಮ್ಮ ಪುಡಿಯಲ್ಲ.

ಯಾವ ರ‍್ಯಾಡಿಕಲ್ ಅಥವಾ ಆವೇಶ ಕೆಲಸ ಮಾಡುತ್ತಿದೆ ಎಂದು ತಿಳಿಯಲು, ಅದನ್ನು ಹಿಡಿದು ನಿಲ್ಲಿಸುವ ಇಡಿಟಿಎ, ಆಕ್ಸಲೇಟ್‌ಗಳನ್ನು ಎಲ್ಲರೂ ಹಾಕುತ್ತಾರೆ. ಕಬ್ಬಿಣದ ವ್ಯವಸ್ಥೆಯಲ್ಲಿ ಎರಡೂ ಮೋಸ ಮಾಡುತ್ತವೆ, ಯಾಕೆಂದರೆ ಎರಡೂ ಕಬ್ಬಿಣವನ್ನು ಕಟ್ಟಿಹಾಕುತ್ತವೆ. ಫೆರಿಕ್ ಆಕ್ಸಲೇಟ್ ಅಂತೂ ಬೆಳಕಿಗೆ ತಾನೇ ಒಡೆಯುವ ಸಂಕೀರ್ಣ. ಟರ್ಷಿಯರಿ ಬ್ಯೂಟನಾಲ್ ಸಾಕು, ಟೆರೆಫ್ತಾಲಿಕ್ ಆಮ್ಲದ ಪ್ರತಿದೀಪ್ತಿ ಪರೀಕ್ಷೆ ಇನ್ನೂ ಚೆನ್ನ. ಹಾಗೆಯೇ ಮಿಥಿಲೀನ್ ಬ್ಲೂ ತಾನೇ ಬೆಳಕು ಹೀರಿ ಎಲೆಕ್ಟ್ರಾನ್ ಕೊಡಬಲ್ಲದು, ಅಪಕರ್ಷಣಗೊಂಡರೆ ಬಣ್ಣವಿಲ್ಲದ ಲ್ಯೂಕೊ ರೂಪವಾಗಿ ಗಾಳಿ ತಾಗಿದೊಡನೆ ಮತ್ತೆ ನೀಲಿಯಾಗುತ್ತದೆ. ಅದಕ್ಕಾಗಿ ಬಣ್ಣವಿಲ್ಲದ ಫೀನಾಲ್‌ನಂಥ ಒಂದು ವಸ್ತುವಿನ ಮೇಲೂ ಪುಡಿಯನ್ನು ಪರೀಕ್ಷಿಸಿ. ಸ್ಯಾಲಿಸಿಲಿಕ್ ಆಮ್ಲ ಬೇಡ, ಫೆರಿಕ್ ಜೊತೆ ನೇರಳೆ ಬಣ್ಣ ಕೊಡುತ್ತದೆ. ಸಿಓಡಿಯನ್ನೂ (ನೀರಿನಲ್ಲಿ ಉಳಿದ ಸಾವಯವ ವಸ್ತುವನ್ನು ಆಕ್ಸಿಡೀಕರಿಸಲು ಬೇಕಾಗುವ ಆಮ್ಲಜನಕದ ಅಳತೆ) ಅಳೆಯಬೇಕು. ಅದಕ್ಕೆ ಮೊದಲು ಉಳಿದ ಪೆರಾಕ್ಸೈಡನ್ನು ಕ್ಯಾಟಲೇಸ್‌ನಿಂದ ನಾಶ ಮಾಡಿ, ಇಲ್ಲದಿದ್ದರೆ ಅದೂ ಡೈಕ್ರೊಮೇಟ್ ತಿಂದು ಸಿಓಡಿ ಹೆಚ್ಚಾಗಿ ತೋರುತ್ತದೆ.

ಪೆರಾಕ್ಸೈಡ್ ಇಲ್ಲದೆ ಬೆಳಕಿನಿಂದಲೇ ನಡೆಯಬೇಕು ಎಂದು ನಿಮ್ಮ ಮಾರ್ಗದರ್ಶಕರು ಬಯಸಿದರೆ ಟೈಟಾನಿಯಂ ಡೈಆಕ್ಸೈಡ್ ಹೊದಿಸಬೇಕಾಗುತ್ತದೆ. ಅದನ್ನು ನೇರವಾಗಿ ಮ್ಯಾಗ್ನೆಟೈಟ್ ಮೇಲೆ ಹೊದಿಸಿದರೆ ಆವೇಶಗಳು ಒಳಗಿನ ಕಬ್ಬಿಣಕ್ಕೆ ಹರಿದು, ಕೆಲಸವೂ ಕುಗ್ಗುತ್ತದೆ, ಕಬ್ಬಿಣವೂ ಕರಗುತ್ತದೆ. ನಡುವೆ ತೆಳುವಾದ ಸಿಲಿಕಾ ಪದರ ಬೇಕು.

ಕೊನೆಯದಾಗಿ, ಮಿಥಿಲೀನ್ ಬ್ಲೂ ಒಂದರಲ್ಲೇ ನಿಲ್ಲಬೇಡಿ. ಹತ್ತಿ ಬಟ್ಟೆಗೆ ಈಗ ಹೆಚ್ಚಾಗಿ ಬಳಸುವುದು ರಿಯಾಕ್ಟಿವ್ ಬಣ್ಣಗಳು, ಬಹುಪಾಲು ಋಣ ಆವೇಶದ ಅಜೊ ಸಂಯುಕ್ತಗಳು (ಎರಡು ನೈಟ್ರೊಜನ್ ಪರಮಾಣುಗಳ ಕೊಂಡಿ ಇರುವವು). ರಿಯಾಕ್ಟಿವ್ ಬ್ಲ್ಯಾಕ್ 5 ತಂದು ಪ್ರಯತ್ನಿಸಿ. ಅದು ನಿಮ್ಮ ಪುಡಿಗೆ ಮಿಥಿಲೀನ್ ಬ್ಲೂನಂತೆ ಮುಗಿಬಿದ್ದು ಅಂಟುವುದಿಲ್ಲ, ಒಡೆಯುವ ಶಕ್ತಿ ಎಷ್ಟಿದೆ ಎಂಬುದು ಬೇಗ ಗೊತ್ತಾಗುತ್ತದೆ. ಅಜೊ ಕೊಂಡಿ ಕಡಿದರೆ ಬಣ್ಣ ಹೋಗುತ್ತದೆ, ಆದರೆ ಆರೊಮ್ಯಾಟಿಕ್ ತುಣುಕುಗಳು ನೀರಿನಲ್ಲೇ ಉಳಿಯಬಹುದು. ಸಿಓಡಿ ಬೇಕೆಂದು ಹೇಳಿದ್ದು ಇದಕ್ಕೇ. ತಿರುಪ್ಪೂರಿನಲ್ಲಿ ನೊಯ್ಯಲ್ ನದಿಗೆ ಹರಿದ ಬಣ್ಣದ ನೀರಿನಿಂದಾಗಿ ಮದ್ರಾಸ್ ಹೈಕೋರ್ಟ್ 2011ರಲ್ಲಿ ಡೈಯಿಂಗ್ ಘಟಕಗಳನ್ನು ಮುಚ್ಚಿಸಿತು. ಅಲ್ಲಿ ಬಣ್ಣದಷ್ಟೇ ದೊಡ್ಡ ತೊಡಕು ಉಪ್ಪಿನದು. ರಿಯಾಕ್ಟಿವ್ ಬಣ್ಣ ಹಿಡಿಸಲು ಲೀಟರಿಗೆ ಹತ್ತಾರು ಗ್ರಾಂ ಉಪ್ಪು, ಮೇಲೆ ಸೋಡಾ ಪುಡಿ (ಸೋಡಿಯಂ ಕಾರ್ಬೊನೇಟ್) ಬೇಕು. ನಮ್ಮ ದೊಡ್ಡಬಳ್ಳಾಪುರ, ಇಳಕಲ್, ರಬಕವಿ-ಬನಹಟ್ಟಿಗಳಲ್ಲಿ ಬಣ್ಣ ಹಾಕುವ ಕಡೆಯೂ ಬಣ್ಣದ ತೊಟ್ಟಿಯ ನೀರು ಭಟ್ಟಿ ಇಳಿಸಿದ ನೀರಿನಂತೆ ಇರುವುದಿಲ್ಲ. ಕಾರ್ಬೊನೇಟ್ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹೀರುತ್ತದೆ, ಆಮ್ಲದಲ್ಲಿ ಕ್ಲೋರೈಡೂ ಅದೇ ಕೆಲಸ ಮಾಡುತ್ತದೆ. ಪಿಎಚ್ ಕೂಡ 10ರ ಮೇಲಿರುತ್ತದೆ. ಆದ್ದರಿಂದ ಒಂದು ಬೀಕರಿನಲ್ಲಿ ರಿಯಾಕ್ಟಿವ್ ಬ್ಲ್ಯಾಕ್ 5 ಜೊತೆ ಲೀಟರಿಗೆ 50 ಗ್ರಾಂ ಉಪ್ಪು, 10 ಗ್ರಾಂ ಸೋಡಾ ಪುಡಿ ಹಾಕಿ, ಮೊದಲು ಹಾಗೆಯೇ, ಆಮೇಲೆ ಪಿಎಚ್ 3ಕ್ಕೆ ಇಳಿಸಿ ನಡೆಸಿ. ಆಮ್ಲ ಹಾಕುವಾಗ ನೊರೆ ಉಕ್ಕುತ್ತದೆ, ದೊಡ್ಡ ಬೀಕರ್ ತೆಗೆದುಕೊಳ್ಳಿ. ವೇಗ ಎಷ್ಟು ಕುಗ್ಗಿತು, ಎಷ್ಟು ಆಮ್ಲ ಬೇಕಾಯಿತು ಎಂಬ ಆ ಎರಡು ಅಂಕಿಗಳನ್ನು ಶುದ್ಧ ನೀರಿನ ಅಂಕಿಯ ಪಕ್ಕದಲ್ಲೇ, ಅದೇ ಕೋಷ್ಟಕದಲ್ಲಿ ಹಾಕಿ.